ವೊಕ್ಲೇರರ ಮೆಟ್ಟಿಲು

ಮೆಟ್ಟಿಲು ಹೊಸದು, ಕಳೆದ ವರ್ಷ ಇರಲಿಲ್ಲ. ಮೈಥಿಲಿ ಅದರ ಅಂಚಿಗೆ ಎಡವಿ ಚರ್ಚಿನ ಬಾಗಿಲು ಹಿಡಿದುಕೊಂಡಳು. ಒಳಗಿದ್ದ ನಲವತ್ತು ಜನ ವೊಕ್ಲೇರರು ತಿರುಗಿ ನೋಡಿ ಒಟ್ಟಿಗೆ ನಕ್ಕರು. ದಕ್ಷಿಣ ಕೆರೊಲಿನಾದಲ್ಲಿ ನಗು ಧಾರಾಳ, ಅದರ ಅರ್ಥ ಹುಡುಕಲು ಹೋಗಬೇಡ ಎಂದು ಡೇನಿಯಲ್ ಹೇಳುತ್ತಿದ್ದ.

ಡೇನಿಯಲ್ ವೊಕ್ಲೇರ್ ಅವಳ ಗಂಡ. ಮೂರು ವರ್ಷದ ಹಿಂದೆ ಕೋವಿಡ್‌ನಲ್ಲಿ ಹೋದ. ಮೇರಿಲ್ಯಾಂಡಿನ ಜರ್ಮನ್‌ಟೌನಿನ ಅಪಾರ್ಟ್‌ಮೆಂಟಿನಲ್ಲಿ ಕೂತು, ಟ್ಯಾಬ್ಲೆಟ್ಟಿನ ಪರದೆಯಲ್ಲೇ ಅವನ ಕೊನೆಯುಸಿರು ನೋಡಿದಳು. ಹೂತದ್ದು ಇಲ್ಲಿ, ಈ ಚರ್ಚಿನ ಹಿತ್ತಲಲ್ಲಿ, ಅವನ ಮನೆತನದವರ ಸಾಲಿನಲ್ಲಿ. ನೆಟ್ಟದ್ದು ಗಂಡಹೆಂಡಿರಿಬ್ಬರಿಗೂ ಸೇರಿ ಒಂದೇ ಕಲ್ಲು. ಎಡಕ್ಕೆ ಅವನ ಹೆಸರು, ಬಲಕ್ಕೆ ‘ಮೈಥಿಲಿ ವೊಕ್ಲೇರ್’, ಹುಟ್ಟಿದ ವರ್ಷ, ಒಂದು ಅಡ್ಡಗೆರೆ, ಆಮೇಲೆ ಖಾಲಿ. ಬದುಕಿರುವಾಗಲೇ ತನ್ನ ಗೋರಿ ಓದುವುದು ಯಾರಿಗೆ ಹಿತ? ಆದರೆ ನಿಜ ಹೇಳಬೇಕೆಂದರೆ ಅವಳಿಗೆ ಹಿತವಾಗಿತ್ತು.

ಮೈಸೂರಿನಿಂದ ಬಂದಾಗ ಅವಳು ಎಚ್. ಎನ್. ಮೈಥಿಲಿ. ಎಚ್ ಎಂದರೆ ಊರು, ಎನ್ ಎಂದರೆ ಅಪ್ಪ. ಅಮೆರಿಕದ ಫಾರಂಗಳಿಗೆ ಊರೂ ಬೇಡ, ಅಪ್ಪನೂ ಬೇಡ, ಮನೆತನದ ಹೆಸರು ಬೇಕು. ಹನ್ನೊಂದು ವರ್ಷ ಅವಳ ಲೈಸೆನ್ಸಿನಲ್ಲಿ ‘ಹೆಸರು ಗೊತ್ತಿಲ್ಲ’ ಎಂಬರ್ಥದ ಮೂರಕ್ಷರ ಕೂತಿತ್ತು. ಮದುವೆಯಾದಾಗ ಖಾನೆ ತುಂಬಿತು. ಮೇರಿಲ್ಯಾಂಡಿನ ದೇವಸ್ಥಾನದಲ್ಲಿ ಧಾರೆಯ ಹೊತ್ತಿಗೆ ಪುರೋಹಿತರು ವರನ ಗೋತ್ರ ಕೇಳಿದರು. ಎಲ್ಲರೂ ಮುಖ ಮುಖ ನೋಡಿಕೊಂಡರು. ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರವೆಂದು ಅವರೇ ತೀರ್ಮಾನಿಸಿ ಮಂತ್ರ ಮುಂದುವರಿಸಿದರು. ಅಪ್ಪ ನೀರು ಬಿಟ್ಟು, ಇನ್ನು ನೀನು ಅವರ ಮನೆಯವಳು ಎಂದರು. ಅಪ್ಪ ಹೇಳಿದ್ದನ್ನು ಅವಳು ನಂಬಿದಳು.

ಎಷ್ಟು ನಂಬಿದಳೆಂದರೆ, ವಾಷಿಂಗ್ಟನ್ನಿನಲ್ಲಿ ವಾರವಿಡೀ ಹಳೆಯ ದಾಖಲೆಗಳ ಧೂಳು ಕುಡಿಯುವ ಕೆಲಸದವಳು, ಏಳು ವರ್ಷದ ಭಾನುವಾರಗಳನ್ನೂ ವೊಕ್ಲೇರರ ಚರಿತ್ರೆಯ ಪುಸ್ತಕಕ್ಕೆ ಸುರಿದಳು. ಫ್ರಾನ್ಸಿನ ಕಡಲತೀರದ ನೇಕಾರ ಜಾಕ್ ವೊಕ್ಲೇರ್. ಪ್ರಾಟೆಸ್ಟಂಟರು ಇರಕೂಡದೆಂದು ರಾಜ ಆಜ್ಞೆ ಹೊರಡಿಸಿದಾಗ ಓಡಿದವನು. ಲಂಡನ್ನಿನಲ್ಲಿ ಎರಡು ವರ್ಷ, ಆಮೇಲೆ ಹಡಗು, ಚಾರ್ಲ್ಸ್‌ಟನ್, ಈ ನದಿಯ ದಂಡೆ, ಭತ್ತದ ಗದ್ದೆ. ಗದ್ದೆಯಲ್ಲಿ ದುಡಿದು ಸತ್ತ ಗುಲಾಮರ ಬಗ್ಗೆ ಅವಳು ಬರೆದ ಹದಿನೆಂಟು ಪುಟವನ್ನು ಅತ್ತೆ ಎಲನರ್ ಮೂರು ಸಾಲಿಗೆ ಇಳಿಸಿದರು. ಅವಳು ಒಪ್ಪಿಕೊಂಡಳು. ಮನೆಯವಳಲ್ಲವೇ.

ವರ್ಷಕ್ಕೊಮ್ಮೆ, ಏಪ್ರಿಲಿನ ಒಂದು ಶನಿವಾರ, ಊಟವಾದ ಮೇಲೆ ಆ ಪುಸ್ತಕದಿಂದ ಹೆಸರುಗಳನ್ನು ಗಟ್ಟಿಯಾಗಿ ಓದುವುದು ಪದ್ಧತಿ. ಹೆಸರು ಬಂದವರು ಎದ್ದು ನಿಲ್ಲಬೇಕು. ಸತ್ತವನ ಹೆಸರಿಗೆ ಹೆಂಡತಿ ನಿಂತು, ಅವಳ ಹೆಸರೂ ಆದಮೇಲೆ ಕೂರುತ್ತಾಳೆ. ಈ ಸಲ ಎಲನರ್ ಮುಂಚಿತವಾಗಿ ಕಾಗದ ಬರೆದಿದ್ದರು. ಹೊಸ ಮುದ್ರಣದಲ್ಲಿ ಮಕ್ಕಳಿಲ್ಲದ ಸೊಸೆಯರ ಹೆಸರು ಇರುವುದಿಲ್ಲ; ನಿನ್ನ ಸ್ವಂತ ಹೆಸರಿಗೆ ಮರಳಿದರೆ ನಿನಗೂ ಹಗುರ.

ಸ್ವಂತ ಹೆಸರು ಯಾವುದು ಎಂದು ಮೈಥಿಲಿ ಎರಡು ದಿನ ಯೋಚಿಸಿದಳು. ಮೂರನೆಯ ದಿನ ಕಡತಗಳನ್ನು ಮತ್ತೆ ಬಿಚ್ಚಿದಳು. ಸಿಕ್ಕಿದ್ದು ಈಗ ಕೈಚೀಲದಲ್ಲಿದೆ.

ಬೆಳಿಗ್ಗೆ ಕಾರಿನಲ್ಲಿದ್ದಾಗ ಪಕ್ಕದ ರಾಜ್ಯದ ನಾರ್‌ಕ್ರಾಸ್‌ನಿಂದ ತಮ್ಮ ಗುರುದತ್ ಫೋನ್ ಮಾಡಿದ್ದ.

“ಆ ಪೇಪರ್ ತೋರಿಸಿ ಏನು ಪ್ರೂವ್ ಮಾಡ್ತೀಯ? ಸುಮ್ನೆ ಇಲ್ಲಿಗೆ ಡ್ರೈವ್ ಮಾಡ್ಕೊಂಡು ಬಾ. ಮುಂದಿನ ವಾರ ಅಪ್ಪನ ತಿಥಿ.”

“ಸಂಕಲ್ಪದಲ್ಲಿ ನನ್ನ ಹೆಸರೂ ಹೇಳಿಸ್ತೀಯಾ?”

“ನಿಂದು ಬೇರೆ ಗೋತ್ರ ಆಯ್ತಲ್ಲ. ಊಟಕ್ಕೆ ಬಾ.”

ಊಟವಾಯಿತು. ಓದು ಶುರುವಾಯಿತು. ಜಾಕ್‌ನಿಂದ ಹಿಡಿದು ಹೆಸರುಗಳು ಇಳಿದು ಬಂದವು. “ಡೇನಿಯಲ್,” ಎಂದಿತು ಓದುತ್ತಿದ್ದ ದನಿ. ಮೈಥಿಲಿ ಅಭ್ಯಾಸಬಲದಿಂದ ಏಳತೊಡಗಿದಳು. ದನಿ ಉಸಿರೂ ಎಳೆಯದೆ ಅವನ ಚಿಕ್ಕಪ್ಪನ ಮಗನ ಹೆಸರಿಗೆ ಹೋಯಿತು. ಅರ್ಧ ಎದ್ದವಳು ಕುರ್ಚಿ ಸರಿಮಾಡಿದಂತೆ ನಟಿಸಿ ಕೂತಳು. ಎದುರಿನ ಹೆಂಗಸು ಅವಳ ತಟ್ಟೆಗೆ ಕೇಕು ಬಡಿಸಿದಳು.

ಕೇಕು ಮುಟ್ಟದೆ ಅವಳು ಕೈಚೀಲ ತೆಗೆದುಕೊಂಡು ಎದ್ದಳು. ನಿನ್ನೆ ಒಂಬತ್ತು ಗಂಟೆ ಕಾರು ಓಡಿಸುತ್ತ ಅವಳು ಕನಸಿದ್ದು ಒಂದೇ: ಎಲನರ್ ಅವರ ಮುಖ ಬಿಳಿಚಿಕೊಳ್ಳುವುದು. ಅದನ್ನು ಮತ್ತೆ ಮತ್ತೆ ಕಲ್ಪಿಸಿಕೊಂಡು ಸುಖಪಟ್ಟಿದ್ದಳು.

ಹಿತ್ತಲ ಬಾಗಿಲಲ್ಲಿ ಅತ್ತೆ ಒಬ್ಬರೇ ಸಿಕ್ಕಿದರು. ಎಂಬತ್ತಮೂರು ವರ್ಷ, ನೆಟ್ಟಗಿನ ಬೆನ್ನು. ಮೈಥಿಲಿ ಹಾಳೆ ಕೊಟ್ಟಳು. ಜಾಕ್‌ನ ವಂಶ ನೂರು ವರ್ಷಕ್ಕೇ ಮುಗಿದಿತ್ತು. ಕೊನೆಯ ವೊಕ್ಲೇರ್ ಜ್ವರದಲ್ಲಿ ಸತ್ತಾಗ ಉಳಿದವಳು ಮಕ್ಕಳಿಲ್ಲದ ವಿಧವೆ. ಅವಳು ತೋಟದ ಮೇಸ್ತ್ರಿಯನ್ನು ಮದುವೆಯಾದಳು. ಅವನು ಗದ್ದೆಯ ಜೊತೆಗೆ ಸತ್ತವನ ಹೆಸರನ್ನೂ ಇಟ್ಟುಕೊಂಡ. ಒಳಗೆ ಕೇಕು ತಿನ್ನುತ್ತಿರುವವರೆಲ್ಲ ಅವರಿಬ್ಬರ ಸಂತತಿ.

“ನಿಮ್ಮ ನಿಯಮದ ಪ್ರಕಾರ,” ಎಂದಳು ಮೈಥಿಲಿ, “ಆ ಪುಸ್ತಕದಲ್ಲಿ ಯಾರೂ ಇರಬಾರದು.”

ಎಲನರ್ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಅಚ್ಚುಕಟ್ಟಾಗಿ ಮಡಿಸಿ ವಾಪಸ್ಸು ಕೊಟ್ಟರು.

“ನನ್ನ ಮಾವನೂ ಇದನ್ನು ತೋರಿಸಿದ್ದರು. ಮದುವೆಯಾದ ವರ್ಷ.”

“ನಿಮಗೆ ಗೊತ್ತಿತ್ತು.”

“ಮಗೂ, ಆ ವಿಧವೆ ಆಮೇಲೆ ಹೆತ್ತಳು. ನೀನು ಕಾಗದ ಹುಡುಕಿದೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಮೈಥಿಲಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅವಳು ಡೇನಿಯಲ್‌ನ ಗೋರಿಯ ಕಡೆ ನಡೆದಳು.

ಕಲ್ಲಿನಲ್ಲಿ ಅವನ ಹೆಸರು ಮಾತ್ರ ಇತ್ತು. ಬಲಗಡೆಯ ಅಂಚು ಗರಗಸದಲ್ಲಿ ಕೊಯ್ದದ್ದು. ಉಳಿದ ಕಲ್ಲು ಮಳೆಬಿಸಿಲಿಗೆ ಮಂಕಾಗಿದ್ದರೂ ಅಲ್ಲಿ ಬೆಳ್ಳಗಿತ್ತು. ಬೆರಳಿಟ್ಟರೆ ಪುಡಿ ಅಂಟಿತು.

“ಉಳಿದರ್ಧ?” ಎಂದಳು, ಹಿಂದೆ ಬಂದು ನಿಂತ ಅತ್ತೆಗೆ.

“ಒಳ್ಳೆಯ ಕಲ್ಲು, ಹಾಳು ಮಾಡಲಿಲ್ಲ. ಚರ್ಚಿನ ಬಾಗಿಲಿಗೆ ಮೆಟ್ಟಿಲು ಬೇಕಿತ್ತು.” ಎಲನರ್ ಅವಳ ತೋಳು ಸವರಿದರು. “ಅಕ್ಷರ ಕೆಳಗೆ ಮಾಡಿ ಹಾಕಿಸಿದ್ದೇನೆ. ತುಳಿದರೆ ಚೆನ್ನಾಗಿರುವುದಿಲ್ಲವಲ್ಲ.”

ಮುಂದುಗಡೆಯಿಂದ ಯಾರೋ ಕೂಗಿದರು. ಗುಂಪುಚಿತ್ರದ ಹೊತ್ತು. ಎಲನರ್ ಹೋಗಿ ಬಾಗಿಲ ಮುಂದೆ ನಡುವಿನಲ್ಲಿ ಕೂತರು, ಎರಡೂ ಪಾದ ಮೆಟ್ಟಿಲ ಮೇಲಿಟ್ಟು. ಉಳಿದವರು ಹಿಂದೆ, ಪಕ್ಕಕ್ಕೆ ಜೋಡಿಸಿಕೊಂಡರು. ಡೇನಿಯಲ್‌ನ ಚಿಕ್ಕಪ್ಪನ ಮಗ ತನ್ನ ಫೋನನ್ನು ಮೈಥಿಲಿಯ ಕೈಗಿಟ್ಟ.

“ನೀನು ತೆಗೀತೀಯಾ? ಮನೆಯವರೆಲ್ಲ ಇರಬೇಕಲ್ಲ.”

ಅವಳು ಫೋನು ತೆಗೆದುಕೊಂಡಳು. ಯಾಕೆ ತೆಗೆದುಕೊಂಡಳೋ ಅವಳಿಗೇ ತಿಳಿಯಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದಳು. ಸ್ವಲ್ಪ ಒತ್ತಿಕೊಂಡು ನಿಲ್ಲಿ ಎಂದು ಹೇಳಿದ್ದೂ ಅವಳ ದನಿಯೇ. ಅವರು ಒತ್ತಿಕೊಂಡರು.

ಪರದೆಯ ಮೇಲೆ ಒಂದೊಂದು ಮುಖಕ್ಕೂ ಒಂದೊಂದು ಹಳದಿ ಚೌಕ ಮೂಡಿತು. ಒಂದು ಚೌಕಕ್ಕೆ ಮಾತ್ರ ಮುಖ ಸಿಗಲಿಲ್ಲ. ಅದು ಅಲ್ಲಿ ಇಲ್ಲಿ ತಡಕಾಡಿ, ಎಲನರ್ ಅವರ ಪಾದಗಳ ನಡುವಿನ ಬರಿಗಲ್ಲಿನ ಮೇಲೆ ಬಂದು ನಿಂತು, ಮಿಣುಕತೊಡಗಿತು.

“ಆಯ್ತಾ?” ಎಂದರು ಎಲನರ್, ನಗು ಸಡಿಲಿಸದೆ.