ಡೀಲಕ್ಸ್ ಸ್ಟೇರಿಂಗು

ನಮ್ಮ ಕಾರಿನ ಡಿಕ್ಕಿಯ ಮೇಲೆ ಇಂಗ್ಲಿಷಿನಲ್ಲಿ ಡೀಲಕ್ಸ್ ಎಂದು ಬರೆದಿದೆ. ಅದು ಕಾರಿನ ಜೊತೆಗೆ ಬಂದದ್ದಲ್ಲ. ಶಿವಮೊಗ್ಗದ ಗುಜರಿ ಅಂಗಡಿಯಲ್ಲಿ ಬಿದ್ದಿದ್ದ ಆರು ಅಕ್ಷರಗಳನ್ನು ನಮ್ಮನೆಯವರು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದರು. ಜಗಲಿಯಲ್ಲಿ ಕೂತು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರು, ಅಂಟು ಹಚ್ಚಿ ಕೂರಿಸಿದರು. ಕೊನೆಯ ಅಕ್ಷರ ಸ್ವಲ್ಪ ಕೆಳಗೆ ಜಾರಿದೆ. ಅಂದಿನಿಂದ ಯಾರ ಮನೆಯ ಮದುವೆಗೆ ಹೋದರೂ ಡಿಕ್ಕಿಯನ್ನು ರಸ್ತೆಯ ಕಡೆಗೆ ಮಾಡಿಯೇ ಕಾರು ನಿಲ್ಲಿಸುತ್ತಿದ್ದರು. ಓದುವವರು ಓದಿಕೊಳ್ಳಲಿ ಎಂದು.

ಕಾರು ಬಿಳಿ ಅಂಬಾಸಿಡರ್. ಎರಡು ಸಾವಿರದ ಮೂರರಲ್ಲಿ ಶೃಂಗೇರಿಯವರೊಬ್ಬರಿಂದ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ಅಂಬಾಸಿಡರ್ ಅಂದರೆ ಎಲ್ಲಾ ಒಂದೇ ಎಂದು ನಾನು ತಿಳಿದಿದ್ದೆ. ಅಲ್ಲವಂತೆ, ಅದರಲ್ಲೂ ಮೇಲಿನ ಪಂಕ್ತಿ, ಕೆಳಗಿನ ಪಂಕ್ತಿ ಇದೆ. ನಮ್ಮದು ಕೆಳಗಿನ ಪಂಕ್ತಿಯದು. ನಿಕಲ್ ಪಟ್ಟಿ ಇಲ್ಲ, ಗಡಿಯಾರ ಇಲ್ಲ, ಸೀಟಿಗೆ ಬರೀ ರೆಕ್ಸಿನ್. ಸ್ಟೇರಿಂಗು ಮಾತ್ರ ದೊಡ್ಡದು, ಮದುವೆಮನೆಯ ಬಾಣಲೆಯಷ್ಟು ಅಗಲ. ಅಗಲವಿದ್ದದ್ದರಿಂದಲೇ ಅದು ಹಗುರವಾಗಿ ತಿರುಗುತ್ತಿತ್ತು. ನಮ್ಮ ಮನೆಯಲ್ಲಿ ನನ್ನ ಮಾತು ಕೇಳಿ ತಿರುಗುತ್ತಿದ್ದದ್ದು ಅದೊಂದೇ.

ಬೈರಪ್ಪನವರು ಬರುವ ತನಕ ಎಲ್ಲಾ ಸರಿಯಾಗಿತ್ತು. ಅವರು ನಮ್ಮನೆಯವರ ತಂಗಿ ದೇವಕಿಯ ಗಂಡ, ನರಸಿಂಹರಾಜಪುರದವರು. ಎರಡು ಸಾವಿರದ ನಾಲ್ಕರಲ್ಲಿ ಅವರು ಮೇಲಿನ ಪಂಕ್ತಿಯ ಹೊಸ ಅಂಬಾಸಿಡರನ್ನು ಕೊಂಡು ನಮ್ಮ ಅಂಗಳಕ್ಕೆ ತಂದು ನಿಲ್ಲಿಸಿದರು. ಇಳಿದದ್ದು ನೋಡಿದರೆ ಡ್ರೈವರ್ ಸೀಟಿನಿಂದ ದೇವಕಿ. ‘ಪವರ್ ಸ್ಟೇರಿಂಗು ಅತ್ತಿಗೆ’ ಎಂದು ಒಂದೇ ಬೆರಳಿನಲ್ಲಿ ಅದನ್ನು ತಿರುಗಿಸಿ ತೋರಿಸಿದಳು. ನಮ್ಮನೆಯವರು ನಗುತ್ತಾ ನೋಡಿದರು, ಮಧ್ಯಾಹ್ನ ಸರಿಯಾಗಿ ಊಟ ಮಾಡಲಿಲ್ಲ. ಹೊಟ್ಟೆಕಿಚ್ಚು ಒಳಗೆ ತುಂಬಿದ್ದರೆ ಅನ್ನಕ್ಕೆ ಜಾಗ ಎಲ್ಲಿರುತ್ತದೆ. ಸಾಲದು ಎಂಬಂತೆ ಕೈ ತೊಳೆಯುವಾಗ ಬೈರಪ್ಪನವರ ಎದುರು ಹೇಳಿಯೂ ಬಿಟ್ಟರು, ನಮ್ಮ ಗೋದಾವರಿಯೂ ಕಾರು ಕಲಿಯುತ್ತಿದ್ದಾಳೆ, ಇನ್ನೇನು ಲೈಸೆನ್ಸ್ ಬರುತ್ತದೆ ಎಂದು.

ಗೋದಾವರಿ ಅಂದರೆ ನಾನು. ಕಲಿಯುತ್ತಿರುವ ವಿಷಯ ನನಗೆ ಗೊತ್ತಾದದ್ದೇ ಆಗ.

ಆದರೆ ಆ ಜಂಬದ ಮಾತನ್ನು ನಾನು ಬಿಡಲಿಲ್ಲ. ನನಗೆ ಕಾರು ಬೇಕಿತ್ತು. ಮಿಡಿ ಉಪ್ಪಿನಕಾಯಿ ಹಾಕುವುದರಲ್ಲಿ ನನ್ನ ಕೈ ಚೆನ್ನ. ಶೃಂಗೇರಿಯ ಎರಡು ಅಂಗಡಿಯವರು ಪ್ರತಿ ಮಂಗಳವಾರ ತಂದುಕೊಡಿ ಎಂದು ಕೇಳಿದ್ದರು. ಬಸ್ಸಿನಲ್ಲಿ ಒಯ್ಯಲು ಹೋಗಿ ಒಂದು ಸಲ ಎರಡು ಭರಣಿ ಒಡೆದು, ಪಕ್ಕದಲ್ಲಿ ಕೂತವರ ಪಂಚೆಯೆಲ್ಲ ಕೆಂಪಾಗಿತ್ತು. ಕಾರಿನಲ್ಲಿ ಬಿಟ್ಟು ಬನ್ನಿ ಎಂದರೆ ನಮ್ಮನೆಯವರು ‘ನೋಡುವ’ ಎನ್ನುತ್ತಿದ್ದರು. ನಮ್ಮ ಕಡೆಯ ಗಂಡಸರು ಬೇಡ ಎಂಬ ಮಾತನ್ನು ಬಾಯಿಂದ ಆಡುವುದಿಲ್ಲ, ಅದು ಮರ್ಯಾದೆ ಅಲ್ಲ. ನೋಡುವ ಎನ್ನುತ್ತಾರೆ, ಆಮೇಲೆ ಆ ಕೆಲಸ ತನ್ನಷ್ಟಕ್ಕೆ ಆಗದೇ ಹೋಗುವಂತೆ ನೋಡಿಕೊಳ್ಳುತ್ತಾರೆ. ಮಂಗಳವಾರ ಬಂದಾಗಲೆಲ್ಲ ಕಾರಿಗೆ ಏನಾದರೂ ಒರೆಸುವುದು, ಅಂಟಿಸುವುದು ಇರುತ್ತಿತ್ತು.

ಕಲಿಯುವುದು ನನಗೆ ಕಷ್ಟವೇನೂ ಆಗಲಿಲ್ಲ. ನಾನು ಬಸರೀಕಟ್ಟೆಯವಳು. ನನ್ನಪ್ಪ ಅಲ್ಲಿನ ಎಸ್ಟೇಟಿನಲ್ಲಿ ಜೀಪು ಓಡಿಸುತ್ತಿದ್ದರು, ಹನ್ನೆರಡನೇ ವಯಸ್ಸಿನಲ್ಲೇ ನನ್ನನ್ನು ಪಕ್ಕ ಕೂರಿಸಿಕೊಂಡು ಸ್ಟೇರಿಂಗು ಹಿಡಿಸಿದ್ದರು. ಕಲಿಯುವವರಿಗೆ ಕೊಡುವ ಎಲ್‌ಎಲ್ ಮಾಡಿಸಿಕೊಂಡು, ಕೊಪ್ಪದ ಮೆಕ್ಯಾನಿಕ್ ಅಬ್ದುಲ್ ರಹಮಾನರನ್ನು ಪಕ್ಕ ಕೂರಿಸಿಕೊಂಡು ಹತ್ತು ದಿನ ಓಡಿಸಿದೆ. ಹನ್ನೊಂದನೆಯ ದಿನ ರಹಮಾನರು, ನನಗೆ ಇಲ್ಲಿ ಕೆಲಸ ಇಲ್ಲ ಎಂದು ಇಳಿದು ಹೋದರು. ಇನ್ನು ಟೆಸ್ಟು ಒಂದು ಬಾಕಿ. ತಿಂಗಳಿಗೊಮ್ಮೆ ಕೊಪ್ಪದ ಮೈದಾನದಲ್ಲಿ ಕ್ಯಾಂಪು ಇರುತ್ತದೆ, ಅಲ್ಲಿ ಇನ್‌ಸ್ಪೆಕ್ಟರ ಎದುರು ಕಾರಿನಲ್ಲಿ ಎಂಟು ಹಾಕಿ ತೋರಿಸಬೇಕು.

ಇತ್ತ ನಮ್ಮನೆಯವರ ಅಲಂಕಾರ ನಡೆದೇ ಇತ್ತು. ನಿಕಲ್ ಪಟ್ಟಿ ಬಂತು. ಡ್ಯಾಶ್‌ಬೋರ್ಡಿಗೆ ಮರದ ಬಣ್ಣದ ಸ್ಟಿಕ್ಕರ್ ಬಂತು, ಬಿಸಿಲಿಗೆ ಮೂಲೆಯಲ್ಲಿ ಎದ್ದು ಕೂತಿತು. ಗಡಿಯಾರವೂ ಬಂತು, ಅದು ನಾಲ್ಕೂಕಾಲಿಗೆ ನಿಂತದ್ದು ಇವತ್ತಿಗೂ ನಾಲ್ಕೂಕಾಲೇ. ನಾನು ನೋಡಿ ನಕ್ಕೆ. ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳಿಗೆ ಗಂಡನ ದಡ್ಡತನ ಮನೆಯ ಬಾಗಿಲಿನಷ್ಟೇ ಪರಿಚಯ. ನನ್ನ ಲೈಸೆನ್ಸೂ ಅವರಿಗೆ ಇನ್ನೊಂದು ನಿಕಲ್ ಪಟ್ಟಿ, ದೇವಕಿಯ ಬೆರಳಿಗೆ ಉತ್ತರ ಎಂದುಕೊಂಡಿದ್ದೆ. ಇರಲಿ, ಪಟ್ಟಿಯಾದರೂ ನನ್ನ ಕೆಲಸ ಆದರೆ ಸಾಕಿತ್ತು.

ಟೆಸ್ಟಿಗೆ ಎರಡು ದಿನ ಇರುವಾಗ ಅವರು ನರಸಿಂಹರಾಜಪುರಕ್ಕೆ ಹೋಗಿ ಸ್ಟೇರಿಂಗನ್ನೇ ಬದಲಾಯಿಸಿಕೊಂಡು ಬಂದರು. ಯಾವುದೋ ಮೇಲಿನ ಪಂಕ್ತಿಯ ಕಾರು ಜಖಂ ಆಗಿತ್ತಂತೆ, ಅದರದ್ದು. ಚಿಕ್ಕದು, ದಪ್ಪ, ಕಪ್ಪು, ಮೇಲೆ ಚರ್ಮದಂಥ ಹೊದಿಕೆ. ನೋಡಲು ಏನೋ ಚಂದವೇ. ಆದರೆ ಪವರ್ ಇರುವ ಕಾರಿನ ಸ್ಟೇರಿಂಗು ಚಿಕ್ಕದಿದ್ದರೂ ನಡೆಯುತ್ತದೆ, ಒಳಗಿನ ಪಂಪು ಕೆಲಸ ಮಾಡುತ್ತದೆ. ನಮ್ಮ ಕಾರಿನಲ್ಲಿ ಕೆಲಸ ಮಾಡಬೇಕಾದದ್ದು ರಟ್ಟೆ. ನಮ್ಮ ಗೇಟಿನ ತಿರುವಿನಲ್ಲಿ ಅವರು ಮೂರು ಸಲ ಹಿಂದೆ ಮುಂದೆ ಮಾಡಿ, ಬೆವರು ಒರೆಸಿಕೊಂಡು ಒಳಗೆ ತಂದರು. ಇಳಿದವರೇ ಒಂದು ಬೆರಳಿನಲ್ಲಿ ಅದನ್ನು ತಟ್ಟಿ, ಹೇಗಿದೆ ಎಂದು ಕೇಳಿದರು.

ನನಗೆ ಅಳು ಬರಬೇಕಿತ್ತು, ನಗು ಬಂತು. ಇಂಥ ಮನುಷ್ಯನಿಗೆ ಏನು ಹೇಳುವುದು. ಟೆಸ್ಟಿನ ಮಟ್ಟಿಗಾದರೂ ಹಳೆಯದನ್ನು ಹಾಕಿಸಿ ಎಂದು ಕೇಳಿದೆ. ನೋಡುವ ಎಂದರು.

ಟೆಸ್ಟಿನ ದಿನ ಮೈದಾನದಲ್ಲಿ ನಾನು ಸೋತೆ. ಎಂಟಿನ ಮೊದಲ ಸುತ್ತು ಹೇಗೋ ಆಯಿತು. ಎರಡನೆಯ ಸುತ್ತಿನಲ್ಲಿ ರಟ್ಟೆ ಸಾಲದೆ, ಸ್ಟೇರಿಂಗು ಕೈಯಲ್ಲಿ ನಿಂತುಬಿಟ್ಟಿತು. ಕಾರು ಹೋಗಿ ಗುರುತಿಗೆ ಇಟ್ಟಿದ್ದ ಡಬ್ಬಿಯನ್ನು ಉರುಳಿಸಿತು. ಇನ್‌ಸ್ಪೆಕ್ಟರು ಒಳ್ಳೆಯವರು, ಮುಂದಿನ ತಿಂಗಳು ಬನ್ನಿ ಎಂದರು. ನಮ್ಮನೆಯವರು ಸುತ್ತ ನಿಂತವರಿಗೆಲ್ಲ, ಹೆಂಗಸರಿಗೆ ಇದೆಲ್ಲ ಕಷ್ಟ, ಪಾಪ ತುಂಬಾ ಆಸೆ ಪಟ್ಟಿದ್ದಳು ಎಂದು ಹೇಳುತ್ತಿದ್ದರು. ದಾರಿಯುದ್ದಕ್ಕೂ ನನ್ನನ್ನು ಸಮಾಧಾನ ಮಾಡಿದರು. ಅಷ್ಟು ಪ್ರೀತಿಯ ಮಾತನ್ನು ನಾನು ವರ್ಷಗಳಿಂದ ಕೇಳಿರಲಿಲ್ಲ.

ಹಳೆಯ ಸ್ಟೇರಿಂಗು ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಸಿಕ್ಕಿತು. ಮರುವಾರ ಅದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ ಕೊಪ್ಪಕ್ಕೆ ಹೋದೆ. ರಹಮಾನರ ಶೆಡ್ಡಿನಲ್ಲಿ ಕೂತು, ನನ್ನ ಗಂಡನ ದಡ್ಡತನವನ್ನು ಗಡಿಯಾರದಿಂದ ಹಿಡಿದು ಸ್ಟೇರಿಂಗಿನವರೆಗೆ ಬಿಡದೆ ಹೇಳಿದೆ. ಸ್ವಲ್ಪ ರುಚಿ ಹತ್ತಿಸಿಕೊಂಡೇ ಹೇಳಿದೆ. ರಹಮಾನರು ನಗಲಿಲ್ಲ. ಕೈಗೆ ಹತ್ತಿದ್ದ ಗ್ರೀಸನ್ನು ಬಟ್ಟೆಯಿಂದ ಒರೆಸುತ್ತಾ ನಿಂತಿದ್ದರು.

‘ಅಮ್ಮ, ಯಜಮಾನ್ರು ಅದನ್ನ ಮೊದ್ಲು ನನ್ನ ಹತ್ರಾನೇ ತಂದಿದ್ರು,’ ಎಂದರು. ‘ಪವರ್ ಇಲ್ದಿರೋ ಗಾಡಿಗೆ ಬೇಡ, ಅಮ್ಮಂಗೆ ಎಂಟು ಹಾಕ್ಲಿಕ್ಕೆ ಆಗೂದಿಲ್ಲ, ಬೇಕೇ ಬೇಕು ಅಂದ್ರೆ ಟೆಸ್ಟ್ ಮುಗೀಲಿ ಅಂದೆ.’

‘ಅದಕ್ಕೆ ಎಂತ ಹೇಳಿದ್ರು?’

ರಹಮಾನರು ಶೆಡ್ಡಿನ ಹೊರಗೆ ನೋಡಿದರು. ‘ಟೆಸ್ಟಿನ ಮೊದ್ಲೇ ಆಗ್ಬೇಕು ಮಾರಾಯ ಅಂದ್ರು. ನಾನು ಕೂರ್ಸೂದಿಲ್ಲ ಅಂದೆ.’

ಅಲ್ಲೇ ನನಗೆ ಎಲ್ಲ ಅರ್ಥವಾಯಿತು. ನಮ್ಮನೆಯವರ ಜಂಬದ ಬಾಯಿಂದ ಬೈರಪ್ಪನವರ ಎದುರು ಮಾತು ಬಿದ್ದುಹೋಗಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ, ನನ್ನ ಹತ್ತಿರ ಬೇಡ ಎನ್ನುವ ಹಾಗೂ ಇಲ್ಲ. ಹಾಗಾಗಿ ನಾನೇ ನನ್ನ ಕೈಯಾರೆ ಸೋಲುವಂತೆ ನೋಡಿಕೊಂಡಿದ್ದರು. ಅದಕ್ಕಾಗಿ ಪ್ರತಿದಿನ ಗೇಟಿನಲ್ಲಿ ಭುಜ ನೋಯಿಸಿಕೊಳ್ಳಲೂ ತಯಾರಾಗಿದ್ದರು. ಇಪ್ಪತ್ತಾರು ವರ್ಷ ಈ ಮನುಷ್ಯನನ್ನು ದಡ್ಡ ಎಂದು ನಕ್ಕುಕೊಂಡೇ ಬದುಕಿದ್ದೆ. ಸೀರೆ ಅಂಗಡಿಗೆ ಹೋಗದೇ ಉಳಿದದ್ದು, ತವರಿಗೆ ಹೋಗದೇ ಉಳಿದದ್ದು, ಎಲ್ಲವೂ ಅವರ ಮರೆವು, ಅವರ ಸೋಮಾರಿತನ ಎಂದುಕೊಂಡಿದ್ದೆ. ನಮ್ಮಿಬ್ಬರಲ್ಲಿ ದಡ್ಡರು ಅವರಾಗಿರಲಿಲ್ಲ. ನನ್ನ ಮೇಲೆಯೇ ನನಗೆ ಹೇಸಿಗೆಯಾಯಿತು.

ಹಳೆಯದನ್ನು ಕೂರಿಸಿಕೊಡಲೇ ಎಂದು ರಹಮಾನರು ಕೇಳಿದರು. ಬೇಡ ಎಂದೆ. ನಾನು ಬಾಯಿಬಿಟ್ಟು ಬೇಡ ಎಂದದ್ದು ಅಪರೂಪ. ಆ ಚಿಕ್ಕದರಲ್ಲೇ ಎಂಟು ಹಾಕುವುದು ಹೇಗೆ ಎಂದು ಹೇಳಿ ಎಂದೆ. ನಿಂತ ಗಾಡಿಯಲ್ಲಿ ತಿರುಗಿಸಬೇಡಿ, ಚಕ್ರ ಒಂದು ಚೂರು ಉರುಳಲಿ, ಆಗ ತಿರುಗಿಸಿ, ತೋಳಲ್ಲ ಬೆನ್ನು ಕೊಡಿ ಎಂದರು. ಕೇಳುತ್ತಿದ್ದ ಹಾಗೆ ನೆನಪಾಯಿತು, ಜೀಪಿನಲ್ಲಿ ಅಪ್ಪ ಹೇಳಿಕೊಟ್ಟದ್ದೂ ಅದನ್ನೇ.

ಒಂದು ತಿಂಗಳು ದಿನಾ ಬೆಳಿಗ್ಗೆ ಅಂಗಳದಲ್ಲಿ ಕಾರು ಉರುಳಿಸಿದೆ. ಅಡಿಕೆ ಒಣಗಿಸುವ ಅಂಗಳದಲ್ಲಿ ಎರಡು ಭರಣಿ ಇಟ್ಟು ಅವುಗಳ ಸುತ್ತ ಎಂಟು ಹಾಕಿದೆ. ಮೊದಲ ವಾರ ರಾಗಿ ಮುದ್ದೆ ತಿರುಗಿಸಲೂ ಕೈ ಏಳುತ್ತಿರಲಿಲ್ಲ. ನಮ್ಮನೆಯವರು ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಟೈರು ಸವೆಯುತ್ತದೆ ಎಂದರು, ಪೆಟ್ರೋಲು ಎಂದರು. ಸುಮ್ಮನೆ ಯಾಕೆ ಮೈ ನೋಯಿಸಿಕೊಳ್ಳುತ್ತೀಯ ಎಂದೂ ಹೇಳಿದರು. ಬೇಡ ಎನ್ನಲಿಲ್ಲ, ಎನ್ನಲು ಮರ್ಯಾದೆ ಬಿಡಲಿಲ್ಲ. ರಹಮಾನರ ಶೆಡ್ಡಿನಲ್ಲಿ ಕೇಳಿದ್ದನ್ನು ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ, ‘ನಾನು ಯಾವಾಗ ಹಾಗಂದೆ’ ಎಂದು ಕೇಳುವುದರಲ್ಲಿ ಅವರಿಗಿಂತ ಗಟ್ಟಿಗರು ಮೂರು ತಾಲೂಕಿನಲ್ಲಿ ಇಲ್ಲ.

ಮುಂದಿನ ಕ್ಯಾಂಪಿಗೆ ಬೈರಪ್ಪನವರೂ ದೇವಕಿಯೂ ಬಂದಿದ್ದರು, ನೋಡಲು. ಎಂಟು ಹಾಕಿದೆ, ರಿವರ್ಸ್ ತೆಗೆದೆ. ಡಬ್ಬಿ ಅಲುಗಲಿಲ್ಲ. ಇನ್‌ಸ್ಪೆಕ್ಟರು ಸ್ಟೇರಿಂಗನ್ನು ಮುಟ್ಟಿ ನೋಡಿ, ಪವರಾ ಎಂದು ಕೇಳಿದರು. ನನಗಿಂತ ಮೊದಲು ನಮ್ಮನೆಯವರೇ ಹೌದು ಎಂದುಬಿಟ್ಟರು. ಆಮೇಲೆ ಬೈರಪ್ಪನವರ ಬೆನ್ನು ತಟ್ಟಿ, ನಾನು ಅವತ್ತೇ ಹೇಳಿರಲಿಲ್ಲವೇ ಭಾವ ಎಂದರು. ಅಷ್ಟು ನಾಚಿಕೆಗೇಡಿತನ ಇದ್ದರೆ ಮನುಷ್ಯ ಎಲ್ಲಿ ಬೇಕಾದರೂ ಬದುಕುತ್ತಾನೆ.

ಈಗ ಮಂಗಳವಾರ ಮಂಗಳವಾರ ನಾನು ಶೃಂಗೇರಿಗೆ ಹೋಗುತ್ತೇನೆ. ಹಿಂದಿನ ಸೀಟಿನಲ್ಲಿ ಗೋಣಿಚೀಲದ ನಡುವೆ ಭರಣಿಗಳು ಕೂತಿರುತ್ತವೆ, ಮೆಣಸೆಯ ಹತ್ತಿರದ ತಿರುವಿನಲ್ಲೂ ಒಂದಕ್ಕೊಂದು ತಾಗುವುದಿಲ್ಲ. ಮಿಕ್ಕ ದಿನಗಳಲ್ಲೂ ಓಡಿಸುವವಳು ನಾನೇ. ನಮ್ಮನೆಯವರ ಬಲಭುಜ ಹಿಡಿದುಕೊಂಡಿದೆ, ಬಾಚಣಿಗೆ ಎತ್ತಲೂ ಕಷ್ಟ. ಮದುವೆಮನೆಗೆ ಹೋದರೆ ಎಡಗಡೆ ಕೂತು, ಡಿಕ್ಕಿ ಯಾವ ಕಡೆಗೆ ಮಾಡಬೇಕು ಎಂದು ಹೇಳುತ್ತಾರೆ. ನಾನು ನನಗೆ ಅನುಕೂಲವಾದ ಕಡೆಗೆ ನಿಲ್ಲಿಸುತ್ತೇನೆ.

ಹಳೆಯ ಸ್ಟೇರಿಂಗನ್ನು ಬಚ್ಚಲಿನ ಹಿಂದೆ ಗೂಟಕ್ಕೆ ಕಟ್ಟಿ ಬಸಳೆ ಬಳ್ಳಿ ಹಬ್ಬಿಸಿದ್ದೇನೆ. ಕೈಕಾಲು ತೊಳೆಯಲು ಹೋದಾಗಲೆಲ್ಲ ಅವರಿಗೆ ಅದು ಕಾಣುತ್ತದೆ. ಹೋದ ವಾರ ಅಲ್ಲೇ ನಿಂತು, ಭುಜ ನೀವಿಕೊಳ್ಳುತ್ತಾ ನನ್ನನ್ನು ಕರೆದರು.

‘ಗೋದಾವರಿ, ಇದನ್ನ ಬಿಡಿಸಿ ರಹಮಾನ್ ಹತ್ರ ಹಾಕಿಸ್ಕೊಂಡು ಬಾ ಮಾರಾಯ್ತಿ. ಆ ಚಿಕ್ಕದು ನನ್ ಕೈಯಲ್ಲಿ ಆಗೂದಿಲ್ಲ. ನಂಗೂ ಎಲ್ಲಾದ್ರೂ ಹೋಗಿ ಬರ್ಬೇಕು ಅನ್ನಿಸ್ತದೆ.’

ಬಸಳೆ ಚೆನ್ನಾಗಿ ಚಿಗುರಿತ್ತು. ಸಾರಿಗೆ ಬೇಕಾಗುವಷ್ಟು ದಂಟು ಕೊಯ್ದು ಮಡಿಲಿಗೆ ಹಾಕಿಕೊಂಡೆ.

‘ನೋಡುವ,’ ಎಂದೆ.