ಕಾಶಿನಾಥನ ಮೊದಲ ಔಟ್

ಕೊಪ್ಪಳದ ಹೌಸಿಂಗ್ ಬೋರ್ಡ್ ಕಾಲೊನಿಯ ಬಯಲಿನಲ್ಲಿ ಕಾಶಿನಾಥ ಏಳು ವರ್ಷ ಲಗೋರಿ ಆಡಿದ, ಒಂದು ಸಲವೂ ಔಟ್ ಆಗಲಿಲ್ಲ. ಇಷ್ಟನ್ನೇ ಕೇಳಿದವರು ಅವನೊಬ್ಬ ಭಾರಿ ಆಟಗಾರನಾಗಿದ್ದ ಎಂದುಕೊಳ್ಳಬಹುದು. ಹಾಗೇನಿಲ್ಲ. ಅವನು ಹಾಲಗಡಿಗಿ ಆಗಿದ್ದ.

ಹಾಲಗಡಿಗಿ ಎಂಬುದು ಆ ಕಾಲೊನಿಯ ಹುಡುಗರೇ ಮಾಡಿಕೊಂಡಿದ್ದ ಏರ್ಪಾಡು. ತೀರಾ ಸಣ್ಣವನೊಬ್ಬ ಆಟಕ್ಕೆ ಬರುತ್ತೇನೆಂದು ಹಟ ಹಿಡಿದರೆ, ಹಾಲು ತುಂಬಿದ ಗಡಿಗೆಯ ಹಾಗೆ ಅವನನ್ನು ಜೋಪಾನ ಮಾಡಬೇಕು. ಅವನು ಓಡಬಹುದು, ಕೂಗಬಹುದು, ಬಿದ್ದ ಕಲ್ಲುಗಳನ್ನು ಒಂದರ ಮೇಲೊಂದು ಒಟ್ಟಲೂಬಹುದು. ಅವನು ಒಟ್ಟಿದ್ದನ್ನು ಮಾತ್ರ ಯಾರೂ ಎಣಿಸುವುದಿಲ್ಲ. ಚೆಂಡು ತಾಗಿದರೂ ಅವನು ಔಟ್ ಅಲ್ಲ. ತಾಗುವಂತೆ ಯಾರೂ ಎಸೆಯುವುದೂ ಇಲ್ಲ. ಸ್ವಲ್ಪ ಬೆಳೆದ ಮೇಲೆ ಒಂದು ಸಂಜೆ ಕ್ಯಾಪ್ಟನ್ ಬೇಕೆಂದೇ ಅವನ ಬೆನ್ನಿಗೆ ಚೆಂಡು ಬೀಸಿ ‘ಔಟ್’ ಎನ್ನುತ್ತಾನೆ. ಬೆನ್ನು ಉರಿಯುತ್ತದೆ. ಅಂದಿನಿಂದ ಅವನು ಎಲ್ಲರ ಹಾಗೆ ಆಟಗಾರ.

ಕಾಶಿನಾಥನಿಗೆ ಆ ಸಂಜೆ ಬರಲಿಲ್ಲ. ಕಾರಣ ಅವನ ತಾಯಿ ಕಳಕಮ್ಮ. ಆರು ವರ್ಷದ ಮಗನ ಮೊಣಕಾಲು ತರಚಿದ್ದನ್ನು ಕಂಡು ಆಕೆ ಒಲೆಯ ಮುಂದಿನಿಂದ ಎದ್ದವಳು ಸೌಟು ಹಿಡಿದುಕೊಂಡೇ ಬಯಲಿಗೆ ಬಂದಿದ್ದಳು. ಕ್ಯಾಪ್ಟನ್ ಹಾಲೇಶನಿಗೆ ಆಗ ಹತ್ತು ವರ್ಷ.

“ಆಡಿಸ್ಕೋರಿ, ನಾ ಏನ್ ಬ್ಯಾಡ ಅನ್ನೂದಿಲ್ಲ. ಆದ್ರ ನನ್ನ ಮಗನಿಗೆ ಚಂಡು ಬಡದ್ರ ನಿನ್ನ ಬೆನ್ನಿಗೆ ಈ ಸೌಟು ಬಡೀತೈತಿ” ಎಂದಿದ್ದಳು.

ಆಜ್ಞೆಗೆ ಅವಧಿ ಹೇಳಿರಲಿಲ್ಲ. ಕಳಕಮ್ಮ ಅದನ್ನು ರೊಟ್ಟಿ ಬಡಿಯುವಷ್ಟರಲ್ಲಿ ಮರೆತಳು, ಹಾಲೇಶ ಮರೆಯಲಿಲ್ಲ. ಕಾಶಿನಾಥನಿಗೆ ಮೀಸೆ ಚಿಗುರಿತು, ಹಾಲೇಶ ಕಾಲೇಜು ಸೇರಿದ, ಅವರ ಲಗೋರಿ ನಿಂತಿತು. ಗಡಿಗೆ ಒಡೆಯದೆ ಉಳಿಯಿತು.

ಈಗ ಕಾಶಿನಾಥನಿಗೆ ನಲವತ್ತೆರಡು. ಗಿಣಿಗೇರಾ ಹತ್ತಿರದ ಕಾರ್ಖಾನೆಯೊಂದರಲ್ಲಿ ಅದಿರಿನ ಪುಡಿಯನ್ನು ಪರೀಕ್ಷಿಸುವ ಕೆಲಸ. ಅವನು ಸಹಿ ಹಾಕದೆ ಅಲ್ಲಿ ಒಂದು ಲಾರಿಯೂ ಒಳಗೆ ಹೋಗುವುದಿಲ್ಲ. ಕಾಲೊನಿಯ ಕ್ಷೇಮಾಭಿವೃದ್ಧಿ ಸಂಘದಲ್ಲಿಯೂ ಅವನು ಏಳು ಸದಸ್ಯರಲ್ಲಿ ಒಬ್ಬ. ಅಧ್ಯಕ್ಷ ಹಾಲೇಶ. ಅವನು ಚರಂಡಿ, ಸಿ.ಸಿ. ರಸ್ತೆಗಳ ಗುತ್ತಿಗೆದಾರನಾಗಿ ಮೈ ಕೈ ತುಂಬಿಕೊಂಡಿದ್ದಾನೆ. ಸಭೆಯಲ್ಲಿ ಕಾಶಿನಾಥನ ಪಾಲಿಗೆ ಬಂದದ್ದು ಎರಡು ಕೆಲಸ: ಮೊದಲು ಕುರ್ಚಿ ಹಾಕುವುದು, ಕಡೆಗೆ ವಂದನಾರ್ಪಣೆ. ನಡುವಿನದನ್ನು ಉಳಿದವರು ನೋಡಿಕೊಳ್ಳುತ್ತಿದ್ದರು.

ಜನವರಿಯ ಒಂದು ಭಾನುವಾರ ಬಯಲಿನ ಬೇವಿನ ಮರದ ಕೆಳಗೆ ಸಭೆ ಸೇರಿತು. ಹಾಲೇಶ ಬಣ್ಣದ ನಕ್ಷೆಯೊಂದನ್ನು ಬಿಡಿಸಿ ಹಿಡಿದ. ಹೆಸರು ‘ಬಾಲ್ಯವನ’. ಬಯಲಿನ ಸುತ್ತ ಕಬ್ಬಿಣದ ಗ್ರಿಲ್, ಒಳಗೆ ಹುಲ್ಲು, ಹುಲ್ಲಿನ ಮೇಲೆ ಸಿಮೆಂಟಿನ ಏಳು ಮಕ್ಕಳು. ಒಬ್ಬ ಲಗೋರಿಗೆ ಗುರಿ ಹಿಡಿದವನು, ಒಬ್ಬ ಬುಗುರಿ ಬಿಡುವವನು, ಒಬ್ಬ ಟೈರ್ ಓಡಿಸುವವನು, ಒಬ್ಬಳು ಕುಂಟಾಬಿಲ್ಲೆ ಆಡುವವಳು, ಹೀಗೆ. ಗೇಟಿನ ಪಕ್ಕ ಒಂದು ಫಲಕ: ‘ಒಳಗೆ ಆಟ ನಿಷೇಧಿಸಲಾಗಿದೆ’.

“ನಮ್ಮ ಕಾಲದ ಆಟ ಅಂದ್ರ ಏನ್ ಆಟ ರೀ ಅವು” ಎಂದು ಹಾಲೇಶ ಶುರುಮಾಡಿದ. “ಸಾಲಿ ಬಿಟ್ರ ಬಯಲು, ಬಯಲು ಬಿಟ್ರ ಊಟದ ತಾಟು. ಈಗಿನ ಹುಡುಗ್ರು ಮನಿ ಹೊಚ್ಚಲಾ ದಾಟೂದಿಲ್ಲ. ಮಣ್ಣು ಅಂದ್ರ ಏನಂತ ಅವಕ್ಕ ಗೊತ್ತಿಲ್ಲ. ಮೂರ್ತಿ ನೋಡಿದ್ರರ ತಿಳೀತೈತಿ.”

ಅಷ್ಟರಲ್ಲಿ ಬಯಲಿನ ಕಡೆಯಿಂದ ಒಂದು ರಬ್ಬರ್ ಚೆಂಡು ಬಂದು ಮಂಡಕ್ಕಿಯ ತಟ್ಟೆಯೊಳಗೆ ಬಿತ್ತು. ಒಂದು ಮಿರ್ಚಿ ಹಾಲೇಶನ ಬಿಳಿ ಪ್ಯಾಂಟಿನ ಮೇಲೆ ಕುಳಿತಿತು. ಮೊಣಕಾಲತನಕ ಮಣ್ಣು ಬಳಿದುಕೊಂಡ ಹತ್ತು ಹನ್ನೆರಡು ಮಕ್ಕಳು ಏದುಸಿರು ಬಿಡುತ್ತ ಬಂದು ನಿಂತರು. ಮುಂದೆ ನಿಂತವಳು ಕಾಶಿನಾಥನ ಮಗಳು, ಹತ್ತು ವರ್ಷದ ಶ್ವೇತಾ.

“ಹಿರಿಯಾರು ಮಾತಾಡೂದು ಕಾಣೂದಿಲ್ಲೇನು?” ಎಂದ ಹಾಲೇಶ. “ಮನಿಗೆ ನಡೀರಿ. ಸುಮ್ಮ ಮೊಬೈಲ್ ನೋಡ್ಕೊಂತ ಕುಂದರ್ರಿ.”

“ನಮ್ಮ ಹತ್ರ ಎಲ್ಲೈತ್ರಿ ಅಂಕಲ್” ಎಂದಳು ಶ್ವೇತಾ. “ನಿಮ್ಮ ಕೈಯಾಗೇ ಎರಡು ಅದಾವು.”

ಚೆಂಡಿಗೆ ಅಂಟಿದ್ದ ಮಂಡಕ್ಕಿಯನ್ನು ಲಂಗಕ್ಕೆ ಒರೆಸಿ ಆಕೆ ಹೋದಳು. ಕಾರ್ಯದರ್ಶಿ ಗವಿಸಿದ್ದಪ್ಪ ಮಾಸ್ತರರು ಠರಾವು ಪುಸ್ತಕದಲ್ಲಿ ‘ಮಕ್ಕಳು ಆಟ ಮರೆತಿರುವ ಬಗ್ಗೆ ಅಧ್ಯಕ್ಷರು ವಿಷಾದಿಸಿದರು’ ಎಂದು ಬರೆದುಕೊಂಡರು. ನಿವೃತ್ತರಾಗಿ ಹನ್ನೆರಡು ವರ್ಷವಾದರೂ ಅವರ ಅಕ್ಷರ ಮುತ್ತಿನ ಹಾಗಿತ್ತು. ಅವರಿಗೆ ಬರೆಯುವ ಹಕ್ಕಿತ್ತು, ಮತ ಹಾಕುವ ಹಕ್ಕಿರಲಿಲ್ಲ.

ಮೂರ್ತಿಗಳಿಗೆ ಯಾರ ಮುಖ ಎಂಬ ಮಾತು ಬಂತು. ಗುರಿ ಹಿಡಿದ ಹುಡುಗನಿಗೆ ಹಾಲೇಶನ ಮುಖ ಎಂಬುದು ಮೊದಲೇ ಗೊತ್ತಾಗಿತ್ತು. ಶಿಲ್ಪಿ ದ್ಯಾವಪ್ಪನಿಗೆ ಫೋಟೊ ಕೂಡ ತಲುಪಿತ್ತು.

“ಕಾಶಿ, ನಿಂದೂ ಒಂದು ಐತಿ ನೋಡು. ಮೂಲ್ಯಾಗ ಕೈ ಕಟ್ಟಿ ನಿಂತಾನಲ್ಲ, ಆ ಸಣ್ಣಾಂವ.”

“ನಾ ಓಡ್ತಿದ್ನಲ್ಲ ಹಾಲೇಶಣ್ಣ.”

“ಓಡೂ ಮೂರ್ತಿ ನಿಲ್ಲೂದಿಲ್ಲೋ. ಕಾಲಿಗೆ ಬ್ಯಾರೆ ಸರಳು ಹಾಕಬೇಕಾಕ್ಕತಿ.”

ಮುಂದಿನ ಭಾನುವಾರ ಮತಕ್ಕೆ ಹಾಕುವುದೆಂದಾಯಿತು. ಆ ವಾರವಿಡೀ ಶ್ವೇತಾ ಅಪ್ಪನ ಬೆನ್ನು ಬಿಡಲಿಲ್ಲ. ಗ್ರಿಲ್ ಬಂದರೆ ಹುಡುಗರು ಆಡಲು ಹೋಗಬೇಕಾದದ್ದು ರಸ್ತೆಗೆ. ರಸ್ತೆಯಲ್ಲಿ ಲಾರಿ ನಿಲ್ಲುವುದಿಲ್ಲ.

“ಪಪ್ಪಾ, ನೀ ಬ್ಯಾಡ ಅಂತೀಯಲ್ಲ?”

“ಅಂತೀನಿ.”

“ಗಟ್ಟಿಯಾಗಿ ಅಂತಿ?”

“ಕೈ ಎತ್ತಿದ್ರ ಸಾಕವ್ವ. ಕೈ ಎಣಸ್ತಾರ.”

ಭಾನುವಾರ ಬಂತು. ಬಾಲ್ಯವನ ಬೇಕೆನ್ನುವವರು ಕೈ ಎತ್ತಿದರು: ಹಾಲೇಶ ಮತ್ತು ಅವನ ಅಕ್ಕಪಕ್ಕದ ಇಬ್ಬರು. ಬೇಡ ಎನ್ನುವವರಲ್ಲಿ ಮೊದಲು ಕೈ ಎತ್ತಿದವನು ತಾಹೇರ. ಕಾಶಿನಾಥನ ಓರಗೆಯವನು, ಕುಷ್ಟಗಿ ಕಡೆಯ ದಾಳಿಂಬೆ ವ್ಯಾಪಾರ. ಅವನ ಮಗಳು ಅಂಜುಮ ಶ್ವೇತಾಳ ತಂಡದವಳು. ಅವನ ಹಿಂದೆ ಇನ್ನಿಬ್ಬರು ಎತ್ತಿದರು. ಕಾಶಿನಾಥನೂ ಎತ್ತಿದ. ಭುಜಕ್ಕಿಂತ ತುಸು ಮೇಲೆ, ಆದರೆ ಕಾಣುವ ಹಾಗೆ.

ಹಾಲೇಶ ಬೆರಳು ಚಾಚಿ ಎಣಿಸಿದ. “ಮೂರು. ಇತ್ಲಾಗೂ ಮೂರು.”

“ನಂದು?” ಎಂದ ಕಾಶಿನಾಥ.

“ನಿಂದೇನ್ ಎಣಸೂದೋ, ನೀ ಹಾಲಗಡಿಗಿ.”

ಎಲ್ಲರೂ ನಕ್ಕರು. ತಾಹೇರನಿಗೆ ನಗಬೇಕೆಂದಿರಲಿಲ್ಲ, ಆದರೂ ನಕ್ಕ. ಮೂವತ್ತೈದು ವರ್ಷದ ರೂಢಿ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಕಾಶಿನಾಥನೂ ನಕ್ಕ. ನಗು ಮುಗಿದು ಬಾಯಿ ಮುಚ್ಚುವಷ್ಟರಲ್ಲಿ, ಸಮ ಬಂದರೆ ಅಧ್ಯಕ್ಷರ ಮಾತೇ ಕಡೆ ಎಂಬ ನಿಯಮವನ್ನು ಹಾಲೇಶ ಓದಿಯಾಗಿತ್ತು. ಮಾಸ್ತರರು ಬರೆದರು: ‘ಮೂರು–ಮೂರು. ಅಧ್ಯಕ್ಷರ ನಿರ್ಣಾಯಕ ಮತದಿಂದ ಠರಾವು ಪಾಸಾಯಿತು. ಶ್ರೀ ಕಾಶಿನಾಥ ಅವರು ನಕ್ಕಿದ್ದರಿಂದ ಅವರ ಆಕ್ಷೇಪಣೆ ಇಲ್ಲವೆಂದು ತಿಳಿಯಲಾಯಿತು.’ ಕಾಶಿನಾಥ ಎದ್ದು ವಂದನಾರ್ಪಣೆ ಮಾಡಿದ.

ಮನೆಯಲ್ಲಿ ಶ್ವೇತಾ ಅಳಲಿಲ್ಲ, ಮಾತೂ ಬಿಡಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು.

“ನಿನ್ನ ಯಾರೂ ಔಟ್ ಮಾಡೇ ಇಲ್ಲೇನು?”

“ಇಲ್ಲ.”

“ಮತ್ತ ಅವ್ರು ಅಂದದ್ದು ಖರೇ ಐತಿ” ಎಂದಳು. ಸಿಟ್ಟಿನಿಂದಲ್ಲ; ನಿಯಮ ತಿಳಿದವರು ಮಾತಾಡುವ ರೀತಿಯಲ್ಲಿ. “ಔಟ್ ಆಗಿ ಬಾ.”

ಮರುದಿನ ಕಾರ್ಖಾನೆಯಲ್ಲಿ ಅದಿರಿನ ಪುಡಿಯನ್ನು ತೂಗುತ್ತ ಕಾಶಿನಾಥ ಇದನ್ನೇ ಯೋಚಿಸಿದ. ಇಬ್ಬರು ಮಕ್ಕಳ ತಂದೆ, ಬೆನ್ನು ನೋವಿಗೆ ಬೆಲ್ಟ್ ಕಟ್ಟುವವನು, ಯಾರಾದರೂ ತನಗೆ ಚೆಂಡಿನಿಂದ ಹೊಡೆಯಲಿ ಎಂದು ಆಸೆಪಡುತ್ತಿದ್ದ. ನಗು ಬರಬೇಕಿತ್ತು, ಬರಲಿಲ್ಲ.

ಮೂರು ವಾರದ ಮೇಲೆ ಭೂಮಿಪೂಜೆ. ಶಾಮಿಯಾನ, ಬ್ಯಾನರು, ಬ್ಯಾನರಿನಲ್ಲಿ ಕೈ ಮುಗಿದ ಹಾಲೇಶ. ಸಿಮೆಂಟಿನ ಏಳು ಮಕ್ಕಳು ಟ್ರ್ಯಾಕ್ಟರಿನಲ್ಲಿ ಬಂದಿಳಿದಿದ್ದರು. ಬಿಳಿ ಬಣ್ಣದ ಮೇಲೆ ಆಗಲೇ ಕೆಂಪು ದೂಳು ಕೂತಿತ್ತು. ಗುರಿ ಹಿಡಿದ ಹುಡುಗನಿಗೆ ಹತ್ತು ವರ್ಷದ ಮೈ, ನಲವತ್ತಾರು ವರ್ಷದ ಮುಖ. ದ್ಯಾವಪ್ಪನಿಗೆ ಸಿಕ್ಕಿದ್ದು ಹೊಸ ಫೋಟೊ. ಮುಂದಿನ ಸಾಲಿನಲ್ಲಿ ಹಿರಿಯರಿಗೆ ಕುರ್ಚಿ. ಅವರ ನಡುವೆ ಕಳಕಮ್ಮ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು.

“ಈ ಬಯಲಿನ ಆಟದ ನಿಯಮಾನ ನನ್ನ ಬಾಳಿನ ನಿಯಮ” ಎಂದು ಹಾಲೇಶ ಮೈಕಿನಲ್ಲಿ ಹೇಳಿದ. “ಇವತ್ತಿಗೂ ಒಂದನ್ನೂ ಮುರದಿಲ್ಲ.” ಚಪ್ಪಾಳೆ ಬಿದ್ದವು.

ಪತ್ರಿಕೆಯ ಫೋಟೊದವನಿಗೆ ಚಪ್ಪಾಳೆ ಸಾಲಲಿಲ್ಲ. ಹಳೆಯ ಗೆಳೆಯರೆಲ್ಲ ಒಂದು ಸುತ್ತು ಲಗೋರಿ ಆಡಲಿ ಎಂದ. ಏಳು ಚಪ್ಪಟೆ ಕಲ್ಲುಗಳನ್ನು ಒಟ್ಟಿದರು. ಚೆಂಡಿಗಾಗಿ ಹುಡುಕಾಡಿದರು. ಆಟ ಮರೆತ ಮಕ್ಕಳ ಹತ್ತಿರ ಮೂರು ಚೆಂಡು ಸಿಕ್ಕವು. ತಾಹೇರ ಕಲ್ಲು ಉರುಳಿಸಿದ. ಹಾಲೇಶ ಚೆಂಡು ಹಿಡಿದು ಹೊಟ್ಟೆ ಕುಣಿಸುತ್ತ ಬೆನ್ನಟ್ಟಿ, ಒಬ್ಬೊಬ್ಬರ ಬೆನ್ನಿಗೂ ಬಾರಿಸಿದ. ತಾಹೇರ ಔಟ್, ಇನ್ನಿಬ್ಬರು ಔಟ್. ಉಳಿದವನು ಕಾಶಿನಾಥ. ಅವನು ಓಡಲಿಲ್ಲ. ಹಾಲೇಶನ ಎದುರಿಗೆ ಬೆನ್ನು ತಿರುಗಿಸಿ ನಿಂತ.

“ಹೊಡಿ ಹಾಲೇಶಣ್ಣ.”

“ನೀ ಕಲ್ಲು ಒಟ್ಕೋ ಹೋಗೋ.”

“ಹೊಡಿ.”

ಹಾಲೇಶನ ಕಣ್ಣು ತಾನಾಗಿಯೇ ಮುಂದಿನ ಸಾಲಿಗೆ ಹೋಯಿತು. “ನಿಮ್ಮವ್ವ ಕುಂತಾಳಲ್ಲೋ” ಎಂದ, ಮೈಕ್ ಇನ್ನೂ ಅಂಗಿಗೆ ಸಿಕ್ಕಿಸಿಕೊಂಡಿರುವುದನ್ನು ಮರೆತು. “ಸೌಟಿಲೆ ಹೊಡೀತೀನಿ ಅಂದಿದ್ಲು.”

ಮಾತು ಇಡೀ ಕಾಲೊನಿಗೆ ಕೇಳಿಸಿತು. ಕಳಕಮ್ಮ ಎಲೆ ಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿದಳು.

“ಯಾವ ಸೌಟೋ ಹಾಲ್ಯಾ? ಕತ್ತೆ ಹಂಗ ಬೆಳದು ನಿಂತಾನ, ಹೊಡಿಯೋ ಒಂದು.”

ಹಾಲೇಶ ಎಸೆದ. ಆದರೆ ಕೈಗೆ ರೂಢಿಯಿರಲಿಲ್ಲ. ಕಾಶಿನಾಥನ ಕಡೆ ಎಸೆಯುವಾಗಲೆಲ್ಲ ತಪ್ಪಿಸಿಯೇ ಎಸೆದ ಕೈ ಅದು. ಚೆಂಡು ಒಂದು ಮಾರು ದೂರ ಹೋಗಿ ಬುಗುರಿಯ ಹುಡುಗನ ಸಿಮೆಂಟಿನ ಹೊಟ್ಟೆಗೆ ಬಡಿದು ಪುಟಿಯಿತು. ಅದನ್ನು ಹಿಡಿದವಳು ಶ್ವೇತಾ.

“ಹೊಡೀಬೇಕಾದಾಂವ ಕ್ಯಾಪ್ಟನ್” ಎಂದ ಹಾಲೇಶ.

“ಈಗಿನ ಕ್ಯಾಪ್ಟನ್ ನಾನ” ಎಂದಳು ಶ್ವೇತಾ. ಬೇವಿನ ಮರದ ಬುಡದಿಂದ ಓಡಿ ಬಂದು ಕೈ ಬೀಸಿದಳು.

ಸದ್ದು ಮೈಕಿಗೂ ಕೇಳಿಸಿತು. ಕಾಶಿನಾಥ ಎರಡು ಹೆಜ್ಜೆ ಮುಂದಕ್ಕೆ ಮುಗ್ಗರಿಸಿದ. ಬಿಳಿ ಅಂಗಿಯ ಬೆನ್ನಿನ ಮೇಲೆ ಚೆಂಡಿನಷ್ಟೇ ಗುಂಡಗೆ ಕೆಂಪು ಮಣ್ಣಿನ ಗುರುತು. ಔಟ್ ಎಂದು ಹನ್ನೆರಡು ಮಕ್ಕಳು ಒಟ್ಟಿಗೆ ಕೂಗಿದರು. ಅವನು ಮುಖ ಕಿವುಚಿ, ಸೆಟೆದು ನಿಂತು, ನೇರವಾಗಿ ಮಾಸ್ತರರ ಹತ್ತಿರ ನಡೆದ.

“ಮಾಸ್ತರ, ಈಗ ನನ್ನ ಎಣಸ್ರಿ.”

“ಅದು ಆಟ, ಇದು ಸಂಘ” ಎಂದ ಹಾಲೇಶ.

“ಅವತ್ತ ಇದು ಸಂಘ ಆಗಿದ್ದಿಲ್ಲೇನು?” ಎಂದ ತಾಹೇರ. ಈ ಸಲ ಅವನು ನಗಲಿಲ್ಲ. “ಹಾಲಗಡಿಗಿ ಅಂತ ಎಣಸಲಿಲ್ಲಲ್ಲ. ಒಂದ ನಿಯಮ ಹಿಡಿ. ಬಾಳಿನ ನಿಯಮ ಅಂದಿ ನೀ ಈಗ.”

ಫೋಟೊದವನು ಕ್ಯಾಮೆರಾವನ್ನು ಹಾಲೇಶನ ಮುಖಕ್ಕೆ ತಿರುಗಿಸಿದ. ಹಾಲೇಶ ಅಂಗಿಯ ಮೈಕನ್ನು ಕೈಯಿಂದ ಮುಚ್ಚಿಕೊಂಡ. ಮಾಸ್ತರರು ಕನ್ನಡಕ ಏರಿಸಿ ಕಾಶಿನಾಥನ ಮುಖವನ್ನು ಬಹಳ ಹೊತ್ತು ಪರೀಕ್ಷಿಸಿದರು.

“ನಗಾಕತ್ತಿಲ್ಲ” ಎಂದು ಖಚಿತಪಡಿಸಿಕೊಂಡು ಪುಸ್ತಕ ತೆರೆದರು. ‘ಶ್ರೀ ಕಾಶಿನಾಥ ಅವರು ಔಟ್ ಆಗಿರುವುದರಿಂದ ಅವರ ಮತವನ್ನು ಪರಿಗಣಿಸಲಾಗಿ, ಮೂರು–ನಾಲ್ಕು. ಠರಾವು ಬಿದ್ದಿದೆ.’

ಗ್ರಿಲ್ ಬರಲಿಲ್ಲ. ಮೂರ್ತಿಗಳನ್ನು ವಾಪಸು ಒಯ್ಯಲು ದ್ಯಾವಪ್ಪ ಒಪ್ಪಲಿಲ್ಲ. ಆ ಮುಖದ ಹುಡುಗನನ್ನು ಬೇರೆ ಯಾವ ಊರೂ ತೆಗೆದುಕೊಳ್ಳುವುದಿಲ್ಲ ಎಂದ. ಬಯಲಿನ ಅಂಚಿನಲ್ಲಿ ಸಾಲಾಗಿ ನಿಲ್ಲಿಸಿದರು. ಹಾಲೇಶನ ಚಾಚಿದ ಕೈಗೆ ಮಕ್ಕಳು ಸಾಲಿಯ ಚೀಲ ನೇತುಹಾಕುತ್ತಾರೆ.

ಅಂದು ಸಂಜೆ ಶಾಮಿಯಾನ ಬಿಚ್ಚುವ ಮೊದಲೇ ಶ್ವೇತಾಳ ತಂಡ ಕಲ್ಲು ಒಟ್ಟಿತ್ತು. ಕಾಶಿನಾಥ ಪ್ಯಾಂಟು ಮಡಚಿಕೊಂಡು ಹೋಗಿ ನಡುವೆ ನಿಂತ.

“ಪಪ್ಪಾ, ನೀ ಔಟ್ ಆಗೀದಿ. ಈ ಆಟ ಮುಗಿಯೂತನಕ ಆಕಡೆ ಕುಂದ್ರು.”

ಅವನು ಹೋಗಿ ಕೈ ಕಟ್ಟಿ ನಿಂತ ಸಣ್ಣ ಮೂರ್ತಿಯ ಪಕ್ಕದಲ್ಲಿ ಕೂತ. ಅದಕ್ಕೆ ಬೆನ್ನು ಆನಿಸಲು ಹೋದ, ಉರಿಯಿತು. ಮತ್ತೆ ಮುಂದಕ್ಕೆ ಬಾಗಿ, ಆಟ ಮುಗಿಯುವುದನ್ನೇ ಕಾಯತೊಡಗಿದ.