ಕೇಬಲ್ಲಿನ ಸಿಂಬೆ

ಹಾರವಾಡದ ಕಡಲಂಚಿನಲ್ಲಿ, ಗಾಳಿ ಮರಗಳ ನಡುವೆ, ವಿನುತಾ ಕ್ಯಾರವಾನ್ ಗಾಡಿಗಳಿಗೆ ತಂಗುವ ಜಾಗ ಮಾಡಿ ಎರಡು ವರ್ಷವಾಗಿತ್ತು. ಹಾಸಿಗೆ, ಅಡುಗೆಮನೆ ಎಲ್ಲ ಒಳಗೇ ಇರುವ ಆ ಗಾಡಿಗಳಲ್ಲಿ ಬಂದವರು ಒಂದೆರಡು ದಿನ ನಿಂತು ಹೋಗುತ್ತಿದ್ದರು. ನಿಂತಷ್ಟು ದಿನ ಅಂಗಳದ ಕಂಬದಿಂದ ಗಾಡಿಗೆ ಕೇಬಲ್ ಎಳೆದು ಕರೆಂಟು ಕೊಡಬೇಕು. ಆ ಕೆಲಸ ಅವಳ ಸೋದರಮಾವ ಮಾಸ್ತಿಯದು.

ಮಾಸ್ತಿಗೆ ಅರವತ್ತೆರಡು. ಮೊಣಕಾಲು ಕೈಕೊಟ್ಟ ಮೇಲೆ ದೋಣಿ ಬಿಟ್ಟಿದ್ದ. ಇಪ್ಪತ್ತೈದು ಮೀಟರಿನ ಆ ದಪ್ಪ ಕೇಬಲ್ಲನ್ನು ದೋಣಿಯ ಹಗ್ಗದಷ್ಟೇ ಜೋಪಾನ ಮಾಡುತ್ತಿದ್ದ. ಉಪ್ಪುಗಾಳಿಗೆ ಪಿನ್ನು ಹಸಿರುಗಟ್ಟದ ಹಾಗೆ ಒರಸಿ ಮುಚ್ಚಳ ಹಾಕುತ್ತಿದ್ದ. ಗಾಡಿಯ ಕಡೆಯ ಪ್ಲಗ್ ಸಿಕ್ಕಿಸಿದ ಮೇಲೆಯೇ ಕಂಬದ ಸ್ವಿಚ್ ಹಾಕುತ್ತಿದ್ದ; ತೆಗೆಯುವಾಗ ಮೊದಲು ಕಂಬದಲ್ಲಿ ಆರಿಸುತ್ತಿದ್ದ. ವೈರಿಂಗ್ ಮಾಡಿಕೊಟ್ಟ ಕೋಡಿಬಾಗದ ನಾಗಶ್ರೀ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ನಡೆಸುತ್ತಿದ್ದ, ಒಂದನ್ನು ಬಿಟ್ಟು. ಬಳಸುವಾಗ ಕೇಬಲ್ ಪೂರ್ತಿ ಬಿಚ್ಚಿ ಹರವಿಡಬೇಕು ಎಂದು ಅವಳು ಹೇಳಿದಾಗ ಹೂಂ ಅಂದಿದ್ದ. ಆದರೆ ಕಂಬದಿಂದ ಗಾಡಿಗೆ ಇದ್ದದ್ದು ಐದೇ ಮೀಟರು. ಉಳಿದ ಇಪ್ಪತ್ತನ್ನು ನಡೆಯುವವರ ಕಾಲಡಿ ಬಿಡಲು ಅವನಿಗೆ ಮನಸ್ಸು ಬರಲಿಲ್ಲ. ಬಿಗಿಯಾಗಿ ಸಿಂಬೆ ಸುತ್ತಿ ಗಾಡಿಯಡಿಗೆ ತಳ್ಳುತ್ತಿದ್ದ. ಬಂದವರು ಎರಡು ದೀಪ, ಒಂದು ಫ್ಯಾನು ಹಾಕಿಕೊಂಡು ಹೋದರು. ಏನೂ ಆಗಲಿಲ್ಲ.

ಏಪ್ರಿಲ್ ಎರಡನೇ ವಾರ ಬೆಳಗಾವಿಯ ಗಂಡ-ಹೆಂಡತಿ ಬಂದರು. ಸೆಕೆ ತಡೆಯದೆ ಬೆಳಗಿನಿಂದಲೇ ಏಸಿ ಹಾಕಿಕೊಂಡು ಕೂತರು. ಮಧ್ಯಾಹ್ನ ಪೇಟೆಯಿಂದ ಸಿಗಡಿ ತಂದು ಇಂಡಕ್ಷನ್ ಒಲೆಯನ್ನೂ ಹಚ್ಚಿದರು. ಮಾಸ್ತಿ ಅಂಗಳ ಗುಡಿಸುತ್ತಿದ್ದ. ರಬ್ಬರು ಸುಟ್ಟಂಥ ವಾಸನೆ ಬಂತು. ಬಗ್ಗಿ ನೋಡಿದರೆ ಸಿಂಬೆಯ ಕೆಳಗಿನ ಒಣ ಎಲೆಗಳಿಂದ ಸಣ್ಣಗೆ ಹೊಗೆ ಏಳುತ್ತಿತ್ತು.

ಎಳೆದು ಹಾಕಲೆಂದು ಕೈ ಚಾಚಿದವನು ಅರ್ಧಕ್ಕೇ ನಿಲ್ಲಿಸಿದ. ಮೊದಲು ಕಂಬ. ಮೊಣಕಾಲಿನ ನೋವೂ ನೆನಪಾಗದೆ ಓಡಿ ಬ್ರೇಕರ್ ಕೆಳಗೆ ಎಳೆದ, ಪ್ಲಗ್ ಕಿತ್ತ. “ಗಾಡಿ ಇಳೀರಿ! ಮೊದಲು ಕೆಳಗೆ ಇಳೀರಿ!” ಎಂದು ಕೂಗಿದ. ಅವರು ಇಳಿಯುವಷ್ಟರಲ್ಲಿ ಬೊಗಸೆ ಬೊಗಸೆ ಮರಳು ತಂದು ಎಲೆಯ ಮೇಲೆ ಸುರಿದಿದ್ದ. ಬೆಂಕಿ ಏಳಲಿಲ್ಲ. ಅರ್ಧ ಗಂಟೆ ಬಿಟ್ಟು ಸಿಂಬೆ ಹೊರಗೆಳೆದರೆ ಸುತ್ತುಗಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಗಿತ್ತು.

“ಎಂಥಾ ಸಸ್ತಾ ವಾಯರ್ ಹಾಕೀರಿ!” ಎಂದ ಬೆಳಗಾವಿಯವನು.

ಮಾಸ್ತಿ ಮುದ್ದೆಯನ್ನು ಎತ್ತಿ ಜಗಲಿಯ ಮೂಲೆಗಿಟ್ಟ.

ಅಂಕೋಲೆಗೆ ಹೋಗಿದ್ದ ವಿನುತಾ ಸಂಜೆ ಬಂದಾಗ ಮೊದಲು ಅವಳ ಕಿವಿಗೆ ಬಿದ್ದದ್ದೂ ಅದೇ ಮಾತು. ನಿಂತ ಕಾಲಲ್ಲೇ ನಾಗಶ್ರೀಗೆ ಫೋನ್ ಮಾಡಿದಳು. “ನೀ ತಂದುಕೊಟ್ಟ ಕೇಬಲ್ ಕರಗಿ ಹೋಗದೆ. ಗಾಡಿಗೇ ಬೆಂಕಿ ಹತ್ತೂದಿತ್ತು. ನಿನಗೆ ಹೇಳಿದ್ದ ಹೊಸ ಮೂರು ಕಂಬದ ಕೆಲಸ ನಾ ಬೇರೆಯವ್ರಿಗೆ ಹೇಳ್ತೆ.”

ಮಾಸ್ತಿ ಜಗಲಿಯ ಮೇಲೇ ಕೂತು ಎಲ್ಲ ಕೇಳಿಸಿಕೊಂಡ.

ಮರುದಿನ ಬೆಳಿಗ್ಗೆ ನಾಗಶ್ರೀ ಸ್ಕೂಟರಿನಲ್ಲಿ ಬಂದಳು. ಮುದ್ದೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. “ಸುತ್ತಿಟ್ಟೇ ಕರೆಂಟು ಕೊಟ್ಟಿದ್ರಿ. ಪೂರ್ತಿ ಬಿಚ್ಚೂಕೆ ಹೇಳಿದ್ದೆನಲ್ಲ ಅಕ್ಕಾ?”

“ನೀ ಹೇಳಿರೂದಿಲ್ಲ,” ಎಂದಳು ವಿನುತಾ. “ಹೇಳಿದ್ರೆ ಮಾಮ ಮಾಡದೆ ಬಿಡೂನಾ? ನೀ ಹೇಳಿದ್ದು ಒಂದೂ ಅಂವ ತಪ್ಪಿಸ್ಲಿಲ್ಲ ಇಷ್ಟು ದಿನ.”

ನಾಗಶ್ರೀ ಮಾಸ್ತಿಯ ಮುಖ ನೋಡಿದಳು. ವಾದ ಮಾಡಲಿಲ್ಲ. ಆ ಸುಮ್ಮನಿರುವಿಕೆ ಮಾಸ್ತಿಗೆ ತಡೆಯಲಾಗಲಿಲ್ಲ.

“ಈ ತಂಗಿ ಹೇಳಿತ್ತು,” ಎಂದ. “ನಾನೇ ಕೇಳ್ಲಿಲ್ಲ.”

ವಿನುತಾ ಅವನ ಕಡೆ ತಿರುಗಿದಳು. “ನಿನ್ನೆ ಸಂಜೆಯೇ ಹೇಳ್ಬಹುದಿತ್ತಲ್ಲ, ಮಾಮಾ?”

“ಹೇಳ್ಬಹುದಿತ್ತು.”

ನಾಗಶ್ರೀ ಮುದ್ದೆಯನ್ನು ಕೆಳಗಿಟ್ಟಳು. “ಎಂತಕ್ಕೆ ಬಿಚ್ಚಲಿಲ್ಲ, ಮಾಸ್ತಣ್ಣ?” ಎಂದು ಮೆಲ್ಲಗೆ ಕೇಳಿದಳು.

“ನಮ್ಮ ತಮ್ಮ ಹೊನ್ನ ಇದ್ನಲ್ಲ, ದೋಣಿಯಲ್ಲಿ ಹಗ್ಗ ಸುತ್ತಿಡದೆ ಹಾಗೇ ಬಿಟ್ಟಿದ್ದ. ಲಂಗರು ಇಳಿಸುವಾಗ ಸುತ್ತು ಅವನ ಕಾಲಿಗೇ ಬಿತ್ತು. ಜೀವ ಉಳೀತು, ಪಾದ ಉಳೀಲಿಲ್ಲ. ಅಂದಿಂದ ನೆಲದ ಮೇಲೆ ಹಗ್ಗ ಬಿಟ್ಟದ್ದು ಕಂಡ್ರೆ ನನಗೆ ಆಗೂದಿಲ್ಲ.”

ನಾಗಶ್ರೀ ತಲೆಯಾಡಿಸಿದಳು. “ಅರೆಬರೆ ಒಣಗಿದ ಮೀನು ರಾಶಿ ಹಾಕಿ ಮುಚ್ಚಿಟ್ರೆ ಎಂತ ಆಗ್ತದೆ?”

“ಒಳಗೆ ಬಿಸಿ ಏಳ್ತದೆ.”

“ಇದೂ ಹಾಗೇ. ಕರೆಂಟು ಹರಿವಾಗ ಕೇಬಲ್ ಬೆಚ್ಚಗಾಗ್ತದೆ. ಹರವಿದ್ರೆ ಆ ಬಿಸಿ ಗಾಳಿಗೆ ಹೋಗ್ತದೆ. ಸುತ್ತಿಟ್ರೆ ಎಲ್ಲಿಗೆ ಹೋಗೂದು?”

“ಮತ್ತೆ ಬ್ರೇಕರ್ ತಾನಾಗಿ ಎಂತಕ್ಕೆ ಬೀಳ್ಲಿಲ್ಲ?”

“ಎಷ್ಟು ಕರೆಂಟು ಹೋಗ್ತದೆ ಅನ್ನೂದು ಮಾತ್ರ ಅದಕ್ಕೆ ಗೊತ್ತು. ಅವ್ರು ಎಳೆದದ್ದು ಮಿತಿಯ ಒಳಗೇ ಇತ್ತು. ಸಿಂಬೆ ಕಾದದ್ದು ಅದಕ್ಕೆ ಕಾಣೂದಿಲ್ಲ.”

ಮಾಸ್ತಿ ಎದ್ದು ಹೋಗಿ ಗಾಡಿ ನಿಲ್ಲುವ ಜಾಗದ ಹಿಂದುಗಡೆ ನಿಂತು ನೋಡಿದ. ಕಡಲ ಕಡೆಯ ಬೇಲಿಗೂ ಗಾಡಿಗೂ ನಡುವೆ ಯಾರೂ ಓಡಾಡದ ಪಟ್ಟಿಯೊಂದಿತ್ತು. ಅಲ್ಲಿನ ಒಣ ಎಲೆಯನ್ನೆಲ್ಲ ಗುಡಿಸಿ ತೆಗೆದ. ನಾಗಶ್ರೀ ತಂದಿದ್ದ ಹೊಸ ಕೇಬಲ್ಲನ್ನು ಬಲೆ ಹಾಸುವವರ ಹಾಗೆ ಉದ್ದುದ್ದ ಬಾಗುಗಳಲ್ಲಿ, ಒಂದರ ಮೇಲೊಂದು ಬೀಳದಂತೆ ಹರವಿದ. “ಹೀಗಾದ್ರೆ ಆಗ್ತದಾ?”

“ಹೀಗೇ ಆಗ್ಬೇಕು. ಮಳೆಗಾಲದಲ್ಲಿ ಪ್ಲಗ್ಗಿನ ಜೋಡಣೆ ನೀರಿಗೆ ಬೀಳದ ಹಾಗೆ ಎತ್ತರದಲ್ಲಿರ್ಲಿ. ಹತ್ತು ಮೀಟರಿಂದು ಇನ್ನೊಂದು ತಂದಿಡ್ತೆ. ಹತ್ತಿರದ ಗಾಡಿಗೆ ಅದೇ ಸಾಕು.”

ಹೊರಡುವ ಮುಂಚೆ ಅವಳು ತನ್ನ ಚೀಲದ ವಾಯರನ್ನು ಮೊಣಕೈಗೆ ಸುತ್ತತೊಡಗಿದ್ದನ್ನು ಮಾಸ್ತಿ ಕಂಡ. “ಹಾಗೆ ಸುತ್ತಿದ್ರೆ ಒಳಗೆ ಹುರಿ ಬೀಳ್ತದೆ, ತಂಗೀ. ಇಲ್ಲಿ ಕೊಡು.” ಎಂಟರ ಅಂಕಿಯ ಹಾಗೆ, ಒಂದು ಸುತ್ತು ಈ ಕಡೆ, ಒಂದು ಆ ಕಡೆ ಹಾಕಿ ತೋರಿಸಿದ. ತುದಿ ಹಿಡಿದು ಎಳೆದರೆ ಗಂಟಿಲ್ಲದೆ ಬಿಚ್ಚಿಕೊಂಡು ಬಂತು. ನಾಗಶ್ರೀ ಎರಡು ಸಲ ತಾನೇ ಮಾಡಿ ನೋಡಿದಳು. ವಿನುತಾ ಚಹಾ ತಂದುಕೊಟ್ಟು, “ಕಂಬದ ಕೆಲಸ ಯಾವಾಗ ಶುರು ಮಾಡ್ತಿ?” ಎಂದಳು. ನಿನ್ನೆಯ ಫೋನಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮೇ ತಿಂಗಳಲ್ಲಿ ಪುಣೆಯವನೊಬ್ಬ ತನ್ನದೇ ಕೇಬಲ್ಲನ್ನು ಗಾಲಿಯಂಥ ರೀಲಿಗೆ ಸುತ್ತಿಕೊಂಡು ಬಂದ. ಬೇಕಾದಷ್ಟೇ ಎಳೆದು ಕಂಬದ ಹತ್ತಿರ ಬಂದು ನಿಂತ.

“ಪೂರ್ತಿ ಬಿಚ್ಚಿ,” ಎಂದ ಮಾಸ್ತಿ.

ಅವನಿಗೆ ಕನ್ನಡ ಬರುತ್ತಿರಲಿಲ್ಲ. ಮಾಸ್ತಿ ಕೊಂಕಣಿಯಲ್ಲಿ ಹೇಳಿದ, ಕೈಸನ್ನೆ ಮಾಡಿದ. ಪುಣೆಯವನು ಗೊಣಗಿದ, ಬೇರೆ ಎಲ್ಲೂ ಹೀಗೆ ಕೇಳಿಲ್ಲವೆಂದ. ಮಾಸ್ತಿ ಕಂಬಕ್ಕೆ ಬೆನ್ನು ಕೊಟ್ಟು ನಿಂತೇ ಇದ್ದ. ಕೊನೆಗೆ ಆತ ಗಾಲಿಯನ್ನು ಮರಳಲ್ಲಿ ಉರುಳಿಸಿಕೊಂಡು ಬೇಲಿಯವರೆಗೆ ಹೋದ. ಕೊನೆಯ ಸುತ್ತು ಬಿಚ್ಚಿದ್ದು ಕಣ್ಣಾರೆ ಕಂಡ ಮೇಲೆ ಮಾಸ್ತಿ ಸ್ವಿಚ್ ಹಾಕಿದ.